ಅಕ್ಕ ಎಣಿಸಿದ ಪಾತ್ರೆಗಳು

ನಮ್ಮ ಮನೆಯಲ್ಲಿ ಒಟ್ಟು ಹದಿನೇಳು ಪಾತ್ರೆಗಳಿದ್ದವು. ತಟ್ಟೆ ನಾಲ್ಕು, ಲೋಟ ನಾಲ್ಕು, ದಬರಿ ಮೂರು, ಸೌಟು ಎರಡು, ಬಟ್ಟಲು ಎರಡು, ಒಂದು ಕಾವಲಿ, ಒಂದು ಚೊಂಬು. ಈ ಪಟ್ಟಿಯನ್ನು ನಾನು ಇವತ್ತಿಗೂ ತಡವರಿಸದೆ ಹೇಳಬಲ್ಲೆ, ಯಾಕೆಂದರೆ ಅಕ್ಕ ದಿನಾ ಸಂಜೆ ನನ್ನ ಕಣ್ಣೆದುರಿಗೇ ಎಣಿಸುತ್ತಿದ್ದಳು. ಎಣಿಸಿ ಬಿದಿರು ಬುಟ್ಟಿಗೆ ತುಂಬಿ, ಮೇಲೆ ಹಳೇ ಪಂಚೆ ಮುಚ್ಚಿ, ತಲೆ ಮೇಲೆ ಹೊತ್ತು ಎದುರುಮನೆಗೆ ಸಾಗಿಸುತ್ತಿದ್ದಳು. ಅಲ್ಲಿನ ಅಜ್ಜಿ ತನ್ನ ಮಂಚದ ಕೆಳಗೆ ಜಾಗ ಮಾಡಿಕೊಟ್ಟಿದ್ದಳು. ಬೆಳಿಗ್ಗೆ ಎದ್ದು ಮತ್ತೆ ಹೊತ್ತು ತರುವುದು.

ಅಪ್ಪ ಕುಡಿದು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಕೆಸರೆಯ ನಮ್ಮ ಬೀದಿಯಲ್ಲಿ ಮನೆಮನೆಯ ಗೋಡೆಗಳು ಅಂಟಿಕೊಂಡಿದ್ದವು. ಒಂದು ತಟ್ಟೆ ಬಿದ್ದರೆ ನಾಲ್ಕು ಮನೆಗೆ ಕೇಳುತ್ತಿತ್ತು. ಅಮ್ಮ ಪೆಟ್ಟಿಗಿಂತ ಆ ಸದ್ದಿಗೇ ಹೆಚ್ಚು ಹೆದರುತ್ತಿದ್ದಳು. ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆಗಳು ಬೇರೆ, ಒಂದೊಂದರ ಮೇಲೂ ಅವಳ ಹೆಸರು ಕೆತ್ತಿತ್ತು. ಹೀಗಾಗಿ ನಾವು ಮೂವರೂ ಆರು ಗಂಟೆಗೇ ಉಂಡು, ತೊಳೆದು, ಬುಟ್ಟಿ ತುಂಬಿಸಿಬಿಡುತ್ತಿದ್ದೆವು. ಅಪ್ಪನಿಗೆ ಮುತ್ತುಗದ ಎಲೆ ಮೇಲೆ ಮುದ್ದೆ, ಪ್ಲಾಸ್ಟಿಕ್ ಮಗ್ಗಿನಲ್ಲಿ ಸಾರು. ಯಾರಾದರೂ ಹೊರಗಿನವರು ಬಂದು ಎಲೆ ನೋಡಿದ್ದರೆ, ಇವರ ಮನೆಯಲ್ಲಿ ದಿನಾ ಹಬ್ಬ ಅಂದುಕೊಳ್ಳುತ್ತಿದ್ದರು.

ಆ ಹದಿನೇಳರಲ್ಲಿ ಚೊಂಬು ನನ್ನದು ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಅದರ ಬಾಯಿಗೆ ಬಾಯಿಟ್ಟು ಮಾತಾಡಿದರೆ ನನ್ನ ಕೀಚಲು ದನಿ ದಪ್ಪಗಾಗಿ, ರೇಡಿಯೋದಲ್ಲಿ ವಾರ್ತೆ ಓದುವವರ ದನಿಯಂತೆ ಕೇಳುತ್ತಿತ್ತು. ನನಗಾಗ ಏಳು ವರ್ಷ, ಅಕ್ಕನಿಗೆ ಹದಿಮೂರು. ಇವತ್ತು ಜನ ನನ್ನ ದನಿ ಕೇಳಿ ಚಪ್ಪಾಳೆ ತಟ್ಟುತ್ತಾರಲ್ಲ, ಆ ವಿದ್ಯೆ ಕಲಿತದ್ದು ಆ ಚೊಂಬಿನಲ್ಲೇ.

ಒಂದು ಸಂಜೆ ಅಕ್ಕ ಹದಿನೇಳೂ ಎಣಿಸಿ ಬುಟ್ಟಿಗಿಟ್ಟು, ಮುಚ್ಚುವ ಪಂಚೆ ತರಲು ಹಿತ್ತಲಿಗೆ ಹೋದಳು. ನಾನು ಚೊಂಬನ್ನು ಎತ್ತಿ ಚಾಪೆಯ ಸುರುಳಿಯೊಳಗೆ ತೂರಿಸಿಬಿಟ್ಟೆ. ಅವಳು ಬಂದು ಪಂಚೆ ಮುಚ್ಚಿ, ಹದಿನಾರು ಪಾತ್ರೆ ಹೊತ್ತುಕೊಂಡು ಹೋದಳು. ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಮೂಲೆಯಲ್ಲಿ ಕೂತು ವಾರ್ತೆ ಓದಿದ್ದೇ ಓದಿದ್ದು. ಅಪ್ಪನ ಸೈಕಲ್ಲು ಗೋಡೆಗೆ ಒರಗಿದ ಸದ್ದು ಕೇಳಿಸಿತು. ಚೊಂಬನ್ನು ನೀರಿನ ಮಡಕೆ ಪಕ್ಕ ಇಟ್ಟು, ಚಾಪೆ ಹಾಸಿಕೊಂಡು ನಿದ್ದೆ ಬಂದವನ ಹಾಗೆ ಬೋರಲು ಮಲಗಿದೆ.

ಅಪ್ಪ ನೀರು ಕುಡಿಯಲು ಮಡಕೆ ಹತ್ತಿರ ಹೋದ. ಒಳಗೆ ಬಂದ ಅಮ್ಮ ಏನೋ ಅಂದಳು, ಏನೆಂದು ನೆನಪಿಲ್ಲ. ಅಪ್ಪ ಅವಳ ಕಡೆಗೆ ಎಸೆದ ಚೊಂಬು, ಎದುರುಮನೆಯಿಂದ ಆಗಷ್ಟೇ ಬಾಗಿಲು ದಾಟಿ ಬರುತ್ತಿದ್ದ ಅಕ್ಕನ ಎಡಗಿವಿಯ ಹಿಂದೆ ಬಡಿಯಿತು. ಠಣ್ ಅನ್ನಲಿಲ್ಲ. ಮೆತ್ತಗೆ ಸದ್ದಾಯಿತು, ಅಷ್ಟೆ. ಆಸ್ಪತ್ರೆಯಲ್ಲಿ ಬಾಗಿಲಿಗೆ ತಲೆ ತಾಕಿತು ಅಂತ ಬರೆಸಿದರು. ರಕ್ತ ನಿಂತಿತು, ಕಿವಿ ಹೋಯಿತು.

ಮರುದಿನ ಅಜ್ಜಿಯ ಮನೆಯಿಂದ ಬುಟ್ಟಿ ಬಂದಾಗ ಅಮ್ಮ ಎಣಿಸಿದಳು, ಹದಿನಾರು.

“ಒಂದು ಕಮ್ಮಿ ಕಣೇ! ಎಣಿಸ್ಕೊಂಡು ಹೋಗೋಕೆ ಏನಾಗಿತ್ತು ನಿಂಗೆ? ನಿನ್ನ ತಲೆಗೆ ನೀನೇ ತಂದ್ಕೊಂಡ್ಬುಟ್ಟೆ!”

“ಎಣಿಸಿದ್ದೆ ಕಣಮ್ಮ. ಹದಿನೇಳಿತ್ತು.”

“ಇದ್ರೆ? ಚೊಂಬಿಗೆ ಕಾಲು ಬಂದು ಅದೇ ನಡ್ಕೊಂಡು ಬಂತಾ?”

ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ ಅಕ್ಕ ನನ್ನ ಕಡೆ ನೋಡಿದಳು. ಅನುಮಾನದಿಂದಲ್ಲ. ನೀನು ಪಕ್ಕದಲ್ಲೇ ಇದ್ದೆಯಲ್ಲ, ಹೇಳೋ, ಅನ್ನುವ ಹಾಗೆ. ನಾನು ತುಟಿ ಬಿಚ್ಚಲಿಲ್ಲ. ವಾರ ಕಳೆಯುವುದರೊಳಗೆ ಅವಳೂ “ನಾನೇ ತಪ್ಪಿಸ್ಬುಟ್ಟಿರ್ಬೇಕು ಬುಡಮ್ಮ” ಅನ್ನತೊಡಗಿದಳು. ಆವತ್ತಿನಿಂದ ಅವಳು ಯಾವುದನ್ನೇ ಆಗಲಿ ಮೂರು ಸಲ ಎಣಿಸುತ್ತಾಳೆ.

ಅಪ್ಪ ಹೋದ, ಎಷ್ಟೋ ವರ್ಷದ ಮೇಲೆ ಅಮ್ಮನೂ ಹೋದಳು. ಮನೆ ಖಾಲಿ ಮಾಡುವಾಗ ಚೊಂಬನ್ನು ನಾನು ಎತ್ತಿಕೊಂಡು ಬಂದೆ. ಅಲ್ಲಿಯವರೆಗೆ ಮದುವೆ ಮನೆ, ಗಣೇಶನ ಪೆಂಡಾಲು ಅಂತ ಮಿಮಿಕ್ರಿ ಮಾಡಿಕೊಂಡಿದ್ದ ನನಗೆ ನಲವತ್ತು ದಾಟಿದ ಮೇಲೆ ಟೀವಿಯ ನಗೆ ಕಾರ್ಯಕ್ರಮವೊಂದರಲ್ಲಿ ಅವಕಾಶ ಸಿಕ್ಕಿತು. ಮೊದಲೆರಡು ವಾರ ಒಬ್ಬರೂ ನಗಲಿಲ್ಲ. ಮೂರನೇ ವಾರ ಗಂಟುಮೂಟೆ ಕಟ್ಟಿಸುತ್ತಾರೆ ಅಂತ ಸುಳಿವು ಸಿಕ್ಕಿದಾಗ, ಸೀರೆ ಉಟ್ಟು ತಲೆ ಮೇಲೆ ಬುಟ್ಟಿ ಹೊತ್ತು ವೇದಿಕೆಗೆ ಬಂದೆ.

ಕುಡುಕ ಗಂಡನ ಸ್ಕೂಟರ್ ಹಾರ್ನ್ ಕೇಳಿದರೆ ಸಾಕು, ಪಾತ್ರೆ ಬಚ್ಚಿಡಲು ಓಡುವ ಹೆಂಗಸು. ಎಣಿಸುತ್ತಾಳೆ, ಮತ್ತೆ ಎಣಿಸುತ್ತಾಳೆ. ಯಾರಾದರೂ ಕರೆದರೆ ಎಡಗಿವಿ ಕೊಟ್ಟು, ಕೇಳದೆ, ಕತ್ತು ತಿರುಗಿಸಿ ಬಲಗಿವಿ ಕೊಡುತ್ತಾಳೆ. ಮೂರನೇ ಸಲ ಎಣಿಸಿ “ಅಯ್ಯಯ್ಯೋ, ಒಂದು ಕಮ್ಮೀ!” ಅಂತ ಬಾಯಿ ಬಡಿದುಕೊಳ್ಳುತ್ತಾಳೆ. ಹಿಂದಿನಿಂದ ಠಣ್ ಅಂತ ಸದ್ದು, ನಾನು ಬುಟ್ಟಿ ಸಮೇತ ಉರುಳುವುದು. ತೀರ್ಪುಗಾರರು ಕುರ್ಚಿಯಿಂದ ಜಾರಿ ನಕ್ಕರು. ನಾನು ಉಳಿದುಕೊಂಡೆ. ಉಳಿದುಕೊಂಡದ್ದೇನು, ಎದ್ದುಬಿಟ್ಟೆ! ಮಕ್ಕಳು ಬೀದಿಯಲ್ಲಿ “ಒಂದು ಕಮ್ಮಿ” ಅಂತ ಕೂಗುತ್ತಿದ್ದರು. ಆ ಹೆಂಗಸಿನ ದೆಸೆಯಿಂದ ಇಲವಾಲದ ಕಡೆ ಮನೆ ಕಟ್ಟಿಸಿದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕಿದೆ? ಆ ಬುಟ್ಟಿಯಲ್ಲಿದ್ದ ಚೊಂಬು ಅದೇ ಚೊಂಬು. ಅದೃಷ್ಟದ ಚೊಂಬು ಅಂತ ಸೆಟ್ಟಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದೆ. ಅವತ್ತಿನ ಏಟಿಗೆ ಅದರಲ್ಲಾದ ಸೊಟ್ಟ ಹೇಗಾಯಿತು ಅಂತ ಯಾರಾದರೂ ಕೇಳಿದರೆ ಒಂದೊಂದು ಸಲ ಒಂದೊಂದು ಜೋಕು ಹೊಡೆಯುತ್ತಿದ್ದೆ. ಥೂ ನನ್ನ ಬಾಯಿಗಿಷ್ಟು!

ಬುಟ್ಟಿಯ ಹೆಂಗಸಿನ ಮೊದಲ ಕಂತು ಬಂದ ದಿನ ಅಕ್ಕನಿಗೆ ಫೋನು ಮಾಡಿದ್ದೆ. “ಚೆನ್ನಾಗಿತ್ತು ಕಣೋ. ಚೆನ್ನಾಗಿ ಎಣಿಸ್ದೆ” ಅಂದಳು. ನನಗೋ ಹೊಗಳಿಕೆ ಸಿಕ್ಕರೆ ಸಾಕು, ಆ ‘ಎಣಿಸ್ದೆ’ ಅನ್ನುವ ಮಾತನ್ನು ಯೋಚಿಸುವ ಗೋಜಿಗೇ ಹೋಗಲಿಲ್ಲ.

ಅಕ್ಕ ಮದುವೆಯಾದ ಮೇಲೂ ಕೆಸರೆಯಲ್ಲೇ ಇದ್ದಾಳೆ. ಹೆಬ್ಬಾಳದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ, ಡಬ್ಬಕ್ಕೆ ಇಷ್ಟು ಅಂತ ಬೋಲ್ಟು ಎಣಿಸಿ ತುಂಬುವುದು. ಅವಳು ತುಂಬಿದ ಡಬ್ಬದಲ್ಲಿ ಒಂದು ದಿನವೂ ಹೆಚ್ಚುಕಮ್ಮಿ ಆಗಿಲ್ಲ. ಆದರೂ ಮೂರು ಮೂರು ಸಲ ಎಣಿಸುತ್ತಾ ಕೂರುತ್ತಾಳೆ ಅಂತ ಸೂಪರ್‌ವೈಸರ್ ಕೈಲಿ ಬೈಸಿಕೊಳ್ಳುತ್ತಾಳೆ.

ತಾಯಿ ಹೋದ ಮೇಲೆ ಹೆಣ್ಣುಮಕ್ಕಳಿಗೆ ತವರು ಅಂದರೆ ಒಡಹುಟ್ಟಿದವರೇ. ಗೌರಿ ಹಬ್ಬದ ಬಾಗಿನವನ್ನು ನಾನು ವರ್ಷಾ ವರ್ಷ ಫೋನಿನಲ್ಲೇ ದುಡ್ಡು ಕಳಿಸಿ ಮುಗಿಸುತ್ತಿದ್ದೆ. ಹೋದ ವರ್ಷ ಶೂಟಿಂಗ್ ಇರಲಿಲ್ಲ, ಖುದ್ದಾಗಿ ಹೋದೆ. ಮೊರದ ಬಾಗಿನದ ಜೊತೆಗೆ ಒಂದು ಸ್ಟೀಲ್ ಕ್ಯಾರಿಯರ್ ಕೊಂಡು, ಅದರ ಮೇಲೆ ಅಕ್ಕನ ಹೆಸರು ಕೆತ್ತಿಸಿದ್ದೆ. ಅವಳು ಬಾಗಿನವನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಕ್ಯಾರಿಯರನ್ನು ಹಿಂದಕ್ಕೆ ತಳ್ಳಿದಳು.

“ಇದು ಬ್ಯಾಡ ಕಣೋ. ನಿನ್ನ ಹೆಂಡ್ತಿಗೆ ಕೊಡು.”

“ನಿನ್ನ ಹೆಸರು ಕೆತ್ತಿಸಿದ್ದೀನಲ್ಲಕ್ಕ. ಅವಳಿಗೆ ಕೊಟ್ರೆ ನನ್ನ ಮನೆಯಿಂದ ಆಚೆ ಹಾಕ್ತಾಳೆ.”

ಅವಳು ನಗಲಿಲ್ಲ. ಹೊರಡುವಾಗ ಅವಳ ಮಗಳು ಗೇಟಿನವರೆಗೂ ಬಂದಳು. “ಮಾವ, ಬೇಜಾರು ಮಾಡ್ಕೋಬೇಡಿ. ಅಮ್ಮ ಸ್ಟೀಲ್ ಡಬ್ಬಿ ತಗೊಂಡೋಗೋದು ಬುಟ್ಟು ಎಷ್ಟೋ ವರ್ಷ ಆಯ್ತು. ಬಾಳೆಎಲೇಲಿ ಸುತ್ಕೊಂಡು ಹೋಗ್ತಾರೆ.”

“ಯಾಕಮ್ಮ?”

“ಅಮ್ಮ ಶಿಫ್ಟ್ ಬಸ್ ಹತ್ತಿದ್ರೆ ಸಾಕು, ಎಲ್ರೂ ಅವರವರ ಡಬ್ಬಿ ಮೇಲೆ ಸ್ಪೂನಲ್ಲಿ ಠಣ್ ಅಂತ ಬಡೀತಾರೆ, ಮೊದಮೊದಲು ಅಮ್ಮನ ಡಬ್ಬಿ ಮೇಲೂ ಬಡೀತಿದ್ರು. ‘ಅಕ್ಕಾ, ಒಂದು ಕಮ್ಮಿ!’ ಅಂತಾರೆ. ಟೀವೀಲಿ ನೀವು ಕತ್ತು ತಿರುಗ್ಸೋದು ನೋಡಿ ಇದು ಅಮ್ಮನೇ ಅಂತ ಕಂಡ್ಹಿಡಿದ್ಬುಟ್ರು. ಕೆಟ್ಟವರಲ್ಲ ಮಾವ. ಅಮ್ಮನಿಗೆ ಖುಷಿಯಾಗುತ್ತೆ ಅಂತ್ಲೇ ಮಾಡೋದು.”

ಎಲೆ. ನಮ್ಮ ಮನೆಯಲ್ಲಿ ಸದ್ದಾಗಬಾರದು ಅಂತ ಅಪ್ಪನಿಗೆ ಎಲೆ ಹಾಕುತ್ತಿದ್ದೆವು. ಈಗ ನನ್ನ ದೆಸೆಯಿಂದ ಅಕ್ಕ ಎಲೆಯಲ್ಲಿ ಉಣ್ಣುತ್ತಿದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಆ ಗಾದೆಯಲ್ಲಿ ಬೆಕ್ಕು ನಾನೇ ಅಂತ ಆ ಗೇಟಿನ ಹತ್ತಿರ ಗೊತ್ತಾಯಿತು. ಅದಕ್ಕಿಂತ ಸಂಕಟವಾದದ್ದು ಇನ್ನೊಂದು. ಕದ್ದವನು ನಾನು. ಆ ಕಳ್ಳತನವನ್ನು ಅವಳ ಎಣಿಕೆಯ ತಪ್ಪು ಅಂತ ಮಾಡಿ, ಇಡೀ ರಾಜ್ಯದ ಬಾಯಲ್ಲಿ ಅನ್ನಿಸಿದ್ದೆ.

ಹೇಳಲೇಬೇಕು ಅಂತ ಮೂರು ಸಲ ಕೆಸರೆಗೆ ಹೋದೆ. ಮೂರು ಸಲವೂ ಕಾಫಿ ಕುಡಿದು, ಏನೋ ತಮಾಷೆ ಮಾಡಿ ವಾಪಸ್ ಬಂದೆ. ದಸರಾ ಕಳೆಯಿತು, ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಬೆಳಿಗ್ಗೆ ಶೋಕೇಸಿನಲ್ಲಿದ್ದ ಚೊಂಬನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಬಲಗಡೆ ಕೂತು ಚೊಂಬನ್ನು ನಡುವೆ ಇಟ್ಟೆ.

“ಅಕ್ಕ, ಅವತ್ತು ಹದಿನೇಳಿತ್ತು. ನೀನು ಪಂಚೆ ತರೋಕೆ ಹೋದಾಗ ಇದನ್ನ ನಾನೆತ್ಕೊಂಡೆ, ರೇಡಿಯೋ ಆಟ ಆಡೋಕೆ. ಅಪ್ಪ ಬಂದಾಗ ಹೆದರ್ಕೊಂಡು ಮಡಕೆ ಪಕ್ಕ ಇಟ್ಬುಟ್ಟೆ. ನೀನು ತಪ್ಪು ಎಣಿಸಿರ್ಲಿಲ್ಲ.”

ಅವಳ ಕೈ ನಿಂತಿತು. ಚೊಂಬನ್ನು ಎತ್ತಿಕೊಂಡು ಸೊಟ್ಟದ ಮೇಲೆ ಹೆಬ್ಬೆರಳು ಆಡಿಸಿದಳು.

“ಟೀವೀಲಿ ಇದನ್ನ ನೋಡ್ದೆ ಕಣೋ. ಸೊಟ್ಟ ಕಂಡ ಕೂಡ್ಲೆ ಗುರುತು ಸಿಕ್ತು. ಹೋಗ್ಲಿ, ಅವತ್ತು ಮಗು, ಅವನಿಗೇನು ನೆನಪಿರುತ್ತೆ ಅಂತ ಸುಮ್ನಾದೆ. ನಿಂಗೆ ಎಲ್ಲಾ ನೆನಪಿತ್ತು.”

“ಇತ್ತು.”

“ಅಮ್ಮ ಸಾಯೋವರ್ಗೂ ಅನ್ನಕ್ಕೆ ಅಕ್ಕಿ ಅಳೆಯೋಕೂ ನನ್ನ ಬುಡ್ಲಿಲ್ಲ. ನಿನ್ನ ಎಣಿಕೆ ನಂಬ್ಕೊಂಡ್ರೆ ಕೆಟ್ಟೆ ಅನ್ನೋಳು. ನನ್ನನ್ನ ನಾನೇ ನಂಬ್ಲಿಲ್ಲ ಕಣೋ! ಗ್ಯಾಸ್ ಆಫ್ ಮಾಡಿದ್ನೋ ಇಲ್ವೋ ಅಂತ ಬಸ್ ಸ್ಟಾಪಿಂದ ವಾಪಸ್ ಬಂದು ನೋಡ್ತೀನಿ, ಇವತ್ತಿಗೂ. ಅಮ್ಮ ಇದ್ದಾಗ ಒಂದ್ ಮಾತು ಹೇಳ್ಬಾರ್ದಾಗಿತ್ತಾ? ಒಂದೇ ಒಂದ್ ಮಾತು?”

“ತಪ್ಪಾಯ್ತಕ್ಕ” ಅಂದೆ. ನನ್ನ ದನಿ ನನಗೇ ಕೀಚಲಾಗಿ ಕೇಳಿಸಿತು. ಕಣ್ಣೀರು ಬಂತು. ಅವಳು ಸಮಾಧಾನ ಮಾಡಲಿಲ್ಲ.

“ನನ್ನ ಮುಂದೆ ಅತ್ರೆ ಏನು ಬಂತು? ನಾಳೆ ನಂಗೆ ಸೆಕೆಂಡ್ ಶಿಫ್ಟ್. ಬಸ್ಸಿಗೆ ಬಂದು ಅವರ ಮುಂದೆ ಹೇಳು.”

ಮಧ್ಯಾಹ್ನದ ಬಸ್ಸು. ಅಕ್ಕ ಎಡಗಿವಿ ಕಿಟಕಿಗೆ ಬರುವಂತೆ ನೋಡಿಕೊಂಡು ಮೂರನೇ ಸೀಟಿನಲ್ಲಿ ಕೂತಳು, ಮಡಿಲಲ್ಲಿ ಬಾಳೆಎಲೆಯ ಪೊಟ್ಟಣ. ಹಿಂದೆಯೇ ಹತ್ತಿದ ನನ್ನನ್ನು ಕಂಡದ್ದೇ ತಡ, ಬಸ್ಸಿಗೆ ಬಸ್ಸೇ ಹೋ ಅಂತು. “ಸಾರ್, ಒಂದ್ಸಲ ಒಂದು ಕಮ್ಮಿ ಅನ್ನಿ ಸಾರ್!” ಫೋನುಗಳು ಮೇಲೆದ್ದವು. ಡಬ್ಬಿಗಳು ಠಣ್ ಠಣ್ ಅಂದವು.

ನಾನು ಕಂಬಿ ಹಿಡಿದುಕೊಂಡು, “ಆ ಒಂದು ಕಮ್ಮಿ ಮಾಡಿದ್ದು ನಾನೇ ಕಣ್ರಮ್ಮ. ಚೊಂಬು ಕದ್ದವನು ನಾನು” ಅಂದೆ. ಗೊಳ್ಳೆಂದು ನಕ್ಕರು. “ತಮಾಷೆ ಅಲ್ಲ ಇದು” ಅಂದೆ. ಇನ್ನೂ ಜೋರಾಗಿ ನಕ್ಕರು. “ನಗ್ಬೇಡ್ರೀ!” ಅಂತ ರೇಗಿ ಕಿರುಚಿದೆ, ಅದಕ್ಕೂ ನಕ್ಕರು. ಆಯುಷ್ಯವೆಲ್ಲ ಜನರನ್ನು ನಗಿಸಲು ಒದ್ದಾಡಿದವನು ಅವತ್ತು ನಗು ನಿಲ್ಲಿಸಲು ಒದ್ದಾಡಿದೆ. ಕೊನೆಗೆ ಅಪ್ಪನ ವಿಷಯ ಹೇಳಿದೆ. ಎದುರುಮನೆ ಅಜ್ಜಿಯ ಮಂಚದ ಕೆಳಗೆ ದಿನಾ ಯಾಕೆ ಪಾತ್ರೆ ಇಡುತ್ತಿದ್ದೆವು ಅಂತ ಹೇಳಿದೆ. “ಆ ಚೊಂಬು ಬಡಿದು ಇವಳ ಎಡಗಿವಿ ಹೋಯ್ತು. ಆಗ ಇವಳಿಗೆ ಹದಿಮೂರು ವರ್ಷ.”

ಮುಂದಿನ ಸೀಟುಗಳಲ್ಲಿ ನಗು ಮೊದಲು ನಿಂತಿತು, ಆಮೇಲೆ ಹಿಂದಿನವರದು. ಕಡೇ ಸೀಟಿನಲ್ಲಿದ್ದ ಒಬ್ಬಾಕೆಗೆ ಇಂಜಿನ್ ಸದ್ದಿನಲ್ಲಿ ಏನೂ ಕೇಳಿರಲಿಲ್ಲವೋ ಏನೋ, ಡಬ್ಬಿ ಮೇಲೆ ಠಣ್ ಅಂತ ಬಡಿದಳು. ಪಕ್ಕದವಳು ಅವಳ ಕೈ ಹಿಡಿದುಕೊಂಡಳು.

ಅಕ್ಕ ಪೊಟ್ಟಣವನ್ನು ಸೀಟಿನ ಮೇಲಿಟ್ಟು ಎದ್ದು ನಿಂತಳು. ನನ್ನ ಕಡೆ ನೋಡಲಿಲ್ಲ, ಅವರ ಕಡೆ ತಿರುಗಿದಳು.

“ಹದಿನೇಳಿತ್ತು” ಅಂದಳು. “ನಾನು ಸರಿಯಾಗೇ ಎಣಿಸಿದ್ದೆ.”

ಎಲ್ಲವನ್ನೂ ಮೂರು ಮೂರು ಸಲ ನೋಡುವವಳು ಇದನ್ನು ಒಂದೇ ಸಲ ಹೇಳಿ ಕೂತಳು. ನಾನು ಮುಂದಿನ ಸ್ಟಾಪಿನಲ್ಲಿ ಇಳಿದುಕೊಂಡೆ.