ಹೊಳಪಿಲ್ಲದ ನೆಲ

ಮರದ ನೆಲ ಹಾಕುವವರ ನಡುವೆ ನಮ್ಮ ಭಾವನಿಗೆ ‘ಕನ್ನಡಿ’ ಎಂದು ಅಡ್ಡಹೆಸರು. ಹಲಗೆ ಜೋಡಿಸಿ, ಉಜ್ಜಿ, ಪಾಲಿಶ್ ಹಚ್ಚಿದ ಮೇಲೆ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದರು. ಎದುರು ಕಿಟಕಿಯ ಸರಳುಗಳನ್ನು ನೆಲದಲ್ಲಿ ಎಣಿಸಲು ಬಂದರೆ ಕೆಲಸ ಮುಗಿದಂತೆ. ಬರದಿದ್ದರೆ ಇನ್ನೊಂದು ಕೋಟು. ಅವರ ಹೆಂಡತಿಯ ತಮ್ಮನಾದ ನಾನು ಹದಿನೆಂಟು ವರ್ಷ ಅವರ ಜೊತೆ ಮಂಡಿ ಸವೆಸಿದ್ದೇನೆ. ವಿನೈಲ್ ಎಂಬ ಪ್ಲಾಸ್ಟಿಕ್ ಹಾಸಿನ ಹೆಸರೆತ್ತಿದರೆ ಸಾಕು, ಭಾವ ಮೂಗು ಮುರಿಯುತ್ತಿದ್ದರು. “ಅದು ನೆಲ ಅಲ್ಲ ಕಣೋ, ನೆಲಕ್ಕೆ ಹೊದಿಸೋ ಚೀಲ.”

ಅವರ ಸ್ವಂತ ಮನೆಯಲ್ಲಿ ನಡುಮನೆಯ ಸಿಮೆಂಟು ನೆಲ ಬಿರುಕು ಬಿಟ್ಟಾಗ ಅಕ್ಕ ವಿನೈಲನ್ನೇ ಹಾಕೋಣ ಎಂದಳು. ಭಾವನ ತಾಯಿಗೆ ಎರಡು ವರ್ಷದಿಂದ ಮರೆವಿನ ಕಾಯಿಲೆ. “ಅತ್ತೆ ನೀರು ಚೆಲ್ತಾರೆ, ಒರೆಸೋದು ಸುಲಭ. ಬಿದ್ರೂ ಮೆತ್ತಗಿರುತ್ತೆ,” ಎಂದಳು.

“ಊರಿಗೆಲ್ಲ ಮರ ಹಾಕಿ, ನಮ್ಮಮ್ಮನ ಕಾಲಡಿಗೆ ಪ್ಲಾಸ್ಟಿಕ್ ಹಾಸ್ಲಾ?” ಎಂದರು ಭಾವ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನ. ಸುಳ್ಳೇಕೆ, ನಾನೂ ಅವರ ಪರವೇ ನಿಂತೆ. ತೇಗದ ಹಲಗೆ ಬಂತು. ಹನ್ನೊಂದು ದಿನ ದುಡಿದೆವು, ಐದು ಕೋಟು ಪಾಲಿಶ್ ಹಚ್ಚಿದೆವು. ಅಂಥ ನೆಲವನ್ನು ನಾವು ಯಾರ ಮನೆಗೂ ಹಾಕಿರಲಿಲ್ಲ.

ಅದನ್ನು ನೋಡಲೆಂದು ಭಾವನ ಅಮ್ಮನನ್ನು ಕೋಣೆಯಿಂದ ಕರೆದೆವು. ಅವರು ಹೊಸ್ತಿಲಲ್ಲೇ ನಿಂತು, ಉಟ್ಟ ಬಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಮೊಣಕಾಲವರೆಗೆ ಎತ್ತಿ ಹಿಡಿದರು.

“ನೀರು ನಿಂತಿದೆ.”

“ನೀರಲ್ಲಮ್ಮ, ಪಾಲಿಶ್. ಬಾ,” ಎಂದರು ಭಾವ.

ಅಮ್ಮ ಒಂದು ಪಾದ ಚಾಚಿ ಹಿಂದಕ್ಕೆಳೆದುಕೊಂಡರು. “ಆಳ ಇದೆ ಕಣೋ.”

ನನಗೆ ನಗು ಬಂತು. ಆ ನಗುವಿಗೆ ಇವತ್ತಿಗೂ ನಾಚಿಕೆಪಡುತ್ತೇನೆ. ಭಾವ ಕೈ ಹಿಡಿದು ಎಳೆದರು; ಅಮ್ಮ ಬಾಗಿಲ ಚೌಕಟ್ಟನ್ನು ತಬ್ಬಿಕೊಂಡು ಅತ್ತರು. “ನಿನಗೋಸ್ಕರ ಸೊಂಟ ಮುರ್ಕೊಂಡಿದೀನಿ, ನೀರಂತೆ ನೀರು!” ಎಂದು ಭಾವ ರೇಗಿದರು.

ಅಂದಿನಿಂದ ಅಮ್ಮ ಕೋಣೆ ಬಿಟ್ಟು ಬರಲಿಲ್ಲ. ಅಡುಗೆಮನೆ, ಬಚ್ಚಲು, ಅವರ ಕಿಟಕಿ ಪಕ್ಕದ ಕುರ್ಚಿ, ಎಲ್ಲವೂ ನಡುಮನೆ ದಾಟಿದ ಮೇಲೇ. ಊಟ, ಸ್ನಾನ ಎಲ್ಲವನ್ನೂ ಅಕ್ಕ ಕೋಣೆಯಲ್ಲೇ ಮಾಡಿಸುತ್ತಿದ್ದಳು. ಮೂರು ವಾರದಲ್ಲಿ ಅವರ ಕಾಲು ಕಡ್ಡಿಯಾದವು. ಹೀಗೇ ಹಾಸಿಗೆ ಹಿಡಿದರೆ ಮತ್ತೆ ಏಳಲಾರರು ಎಂದು ಡಾಕ್ಟರು ಹೇಳಿಬಿಟ್ಟರು. ಭಾವ ಯಂತ್ರ ಹಿಡಿದು ಪಾಲಿಶನ್ನೆಲ್ಲ ಉಜ್ಜಿ ತೆಗೆದರು. ಆಗ ಮರದ ಕಪ್ಪು ಗೆರೆಗಳು ಅಮ್ಮನಿಗೆ ಬಿರುಕಿನಂತೆ ಕಂಡವು. ಅವರು ಮತ್ತೆ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಭಾವ ನನಗೆ, “ಕೀಳು,” ಎಂದರು.

“ಏನನ್ನ?”

“ಎಲ್ಲಾನೂ.”

ನನಗೆ ಕೈಯೇ ಬರಲಿಲ್ಲ. ಮೊದಲ ಹಲಗೆಯನ್ನು ಅವರೇ ಎಬ್ಬಿಸಿದರು.

ವಿನೈಲ್ ಅಂಗಡಿಗೆ ಭಾವ ಕಾಲಿಟ್ಟಿದ್ದು ಅದೇ ಮೊದಲು. ಗೆರೆಯಿಲ್ಲದ, ಹೊಳಪಿಲ್ಲದ, ಒಣಮಣ್ಣಿನ ಬಣ್ಣದ ಒಂದು ಸುರುಳಿಯನ್ನು ಆರಿಸಿದರು. ಅದನ್ನು ಹಾಸಿ ಕೊನೆಯ ಅಂಚು ಒತ್ತುತ್ತಿದ್ದಾಗ ಅಮ್ಮ ಬಾಗಿಲಿಗೆ ಬಂದರು. ನೆಲ ನೋಡಿದರು. ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. ಆಮೇಲೆ ಗೋಡೆ ಹಿಡಿದು ನಡುಮನೆ ದಾಟಿ ಅಡುಗೆಮನೆಗೇ ಹೋದರು. ಬರುವಾಗ ಕೈಯಲ್ಲಿ ಒಂದು ಲೋಟ ನೀರಿತ್ತು. ಭಾವನ ಮುಂದೆ ನಿಂತು ಅದನ್ನು ಚಾಚಿದರು.

“ತಗೊಳ್ಳಿ. ಬೆಳಗ್ಗಿಂದ ಬಗ್ಗಿದ್ದೀರಿ.”

ಮಗನಿಗೆ ತಾಯಿ ಬಹುವಚನ ಹಚ್ಚಿದ್ದು ಕೇಳಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನನ್ನ ಮಗನೂ ಇದೇ ಕೆಲಸ ಮಾಡೋದು,” ಎಂದರು ಅಮ್ಮ. “ಒಳ್ಳೇ ಹುಡುಗ. ಆದ್ರೆ ಅವನು ಹಾಕಿದ ನೆಲ ಕಂಡ್ರೆ ನನಗೆ ಭಯ. ಹೇಳಿದ್ರೆ ನೊಂದ್ಕೋತಾನೆ ಅಂತ ಒಳಗೇ ಇದ್ಬಿಟ್ಟೆ.”

ಭಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

“ನೊಂದ್ಕೊಳ್ಳಲ್ಲಮ್ಮ ಅವನು,” ಎಂದರು. “ನೀವು ಓಡಾಡಿ.”