ಕಲ್ಲಿಲ್ಲದ ಗೋಡೆ ಕಟ್ಟುವ ರಾಚಮ್ಮ

ಬೆಳ್ಳಿಚುಕ್ಕಿ ಇನ್ನೂ ಮಾಸಿಲ್ಲ. ಹನೂರಿನಾಚೆ, ರಸ್ತೆಗೆ ಜಲ್ಲಿ ಒಡೆಯುವ ಕಲ್ಲುಕ್ವಾರಿಯ ಪಕ್ಕದ ಗುಂಡಿಯಲ್ಲಿ ಹೆಂಗಸೊಬ್ಬಳು ಮೊಣಕಾಲುದ್ದ ಕೆಸರಿಗಿಳಿದಿದ್ದಾಳೆ. ಮಾದಪ್ಪನ ಬೆಟ್ಟದ ದಿಕ್ಕಿಗೆ ತಿರುಗಿ ಒಮ್ಮೆ ಕೈಮುಗಿದು ಮಣ್ಣು ತುಳಿಯತೊಡಗುತ್ತಾಳೆ. ನಾಲ್ಕು ಹೆಜ್ಜೆಗೆ ಥಟ್ಟನೆ ನಿಲ್ಲುತ್ತಾಳೆ. ಕಾಲ್ಬೆರಳಿಗೆ ಏನೋ ತಾಗಿದೆ. ಬಗ್ಗಿ ತಡಕಿ, ಕಡಲೆಕಾಳಿನಷ್ಟು ಕಲ್ಲೊಂದನ್ನು ಎತ್ತಿ ದಡದ ಬಿದಿರುಬುಟ್ಟಿಗೆ, ಅವರ ಮಾತಿನ ಮಂಕರಿಗೆ, ಎಸೆಯುತ್ತಾಳೆ. ಮತ್ತೆ ತುಳಿತ.

ಗುಂಡಿಯ ದಡದಲ್ಲಿ ರಾಗಿಹುಲ್ಲು ಕತ್ತರಿಸುತ್ತಿರುವ ನಾದಿನಿ ಚಿಕ್ಕನಿಂಗಮ್ಮನ ಬಾಯಿ ಮಾತ್ರ ಆಗಲೇ ಪೂರ್ತಿ ಎದ್ದಿದೆ. “ಅತ್ಗೆ ಮದ್ವೆ ಅಕ್ಕಿ ಆರುಸ್ತಾವ್ಳೆ ಕಣ್ರಿ! ಗಂಡಿನ್ ಕಡ್ಯೋರು ಬತ್ತಾವ್ರೆ, ಬಿರ್‍ನೆ ಆರ್ಸತ್ಗೆ!”

“ನಿನ್ ಬಾಯೊಳ್ಗೂ ಒಂದ್ ಕಲ್ಲದೆ, ಅದ್ನೂ ಆರುಸ್ತೀನಿ ಬಾ,” ಎನ್ನುತ್ತಾಳೆ ರಾಚಮ್ಮ, ತಲೆಯೆತ್ತದೆ.

ಕಾಮಗೆರೆಯ ಈ ರಾಚಮ್ಮನಿಗೆ ನಲವತ್ತೈದರ ಆಸುಪಾಸು. ಕಟ್ಟುವುದು ಮದ್ದಿನ ಮನೆಗಳನ್ನು. ಬಂಡೆ ಸಿಡಿಸುವ ಮದ್ದನ್ನು ತುಂಬಿಡುವ ಮನೆ ಅದು; ಒಂದು ಕಿಡಿ ಬಿದ್ದರೆ ಸುತ್ತಲಿನವರ ಪ್ರಾಣ ಗೋಡೆಯ ಕೈಯಲ್ಲಿ. ಕೊಳ್ಳೇಗಾಲದ ಸುತ್ತ ಈಕೆ ಕಟ್ಟಿದವು ಐದು, ಇದು ಆರನೆಯದು. ನಲವತ್ತು ಗಾಡಿ ಮಣ್ಣು, ಇಪ್ಪತ್ತಾರು ದಿನದ ದುಡಿಮೆ, ದಿನಕ್ಕೆರಡು ಮಂಕರಿ ಆರಿಸಿದ ಕಲ್ಲು. ಮೂರು ಗೋಡೆಗಳು ಮೂರು ಮೊಳ ದಪ್ಪ. ಬಂಡೆಯ ಕಡೆಗಿರುವ ನಾಲ್ಕನೆಯದು ಬರೀ ಒಂದು ಗೇಣು. ಬಾಗಿಲಿಗೆ ಕಬ್ಬಿಣದ ಮೊಳೆಯಿಲ್ಲ, ಮರದ ಗೂಟ. ಸೂರಿಗೆ ಬಿದಿರಿನ ತಟ್ಟಿ, ಅದರ ಮೇಲೆ ತೆಳ್ಳಗೆ ಮಣ್ಣಿನ ಲೇಪ.

ಅಷ್ಟು ದಪ್ಪ ಗೋಡೆಗೆ ಇಷ್ಟು ಬಡಕಲು ಸೂರೇಕೆ ಎಂದು, ಅವಳ ಕೆಲಸ ನೋಡಿ ಬರೆಯಲು ಬಂದಿದ್ದ ನಾನು ಕೇಳಿದೆ.

“ಸಿಟ್ಟು ಬಂದೋರ್‍ಗೆ ಓಗಕ್ಕೊಂದು ದಾರಿ ಬುಡಬೇಕು ಸಾ. ದಾರಿ ಕಟ್ಬುಟ್ರೆ ಮನೆಮಂದಿನೆಲ್ಲ ತಕಂಡು ಓಯ್ತರೆ. ಮದ್ದೂ ಅಷ್ಟೇಯ. ಮ್ಯಾಕೆ ಓಗ್ಲಿ, ಬಂಡೆ ಕಡೀಕ್ ಓಗ್ಲಿ. ಜನದ್ ಕಡೀಕ್ ಮಾತ್ರ ಬ್ಯಾಡ.”

ಈ ತಿಳಿವಳಿಕೆ ಪುಸ್ತಕದಿಂದ ಬಂದದ್ದಲ್ಲ. ಹದಿನಾಲ್ಕು ವರ್ಷದ ಹಿಂದೆ ಯಳಂದೂರಿನ ಕಡೆಯ ಒಂದು ಹಳ್ಳಿಯಲ್ಲಿ ಬಾಣಬಿರುಸು ಮಾಡುವವರ ಮನೆಗೆ ಗೋಡೆ ಹಾಕಿದ್ದವಳು ಇವಳೇ. ಎಲ್ಲರೂ ಮಾಡುವಂತೆ, ಗೋಡೆ ಗಟ್ಟಿಯಾಗಲಿ ಎಂದು ಮಣ್ಣಿಗೆ ಬೆಣಚುಕಲ್ಲು ಬೆರೆಸಿ ತುಳಿದಿದ್ದಳು. ಒಂದು ಮಧ್ಯಾಹ್ನ ಮದ್ದು ಹೊತ್ತಿತು. ಒಳಗಿನವರು ಉಣ್ಣಲು ಎದ್ದು ಹೋಗಿದ್ದರು, ದೈವ ದೊಡ್ಡದು. ಆದರೆ ಬೀದಿಯಾಚೆಯ ಜಗಲಿಯ ಮೇಲೆ ರಾಚಮ್ಮನ ಸೋದರಮಾವ ಚಿಕ್ಕಸಿದ್ದಯ್ಯ ಎಲೆಅಡಿಕೆ ಹಾಕಿಕೊಂಡು ಕೂತಿದ್ದ.

“ಬೆಂಕಿ ಅವ್ನ್ ತಾವ್ಕೆ ಬರ್‍ನೇ ಇಲ್ಲ ಸಾ,” ಎನ್ನುತ್ತಾಳೆ. “ನಾ ಆಕಿದ್ ಕಲ್ಲು ಬಂತು.”

ಅಂದಿನಿಂದ ಈಕೆಯ ಗೋಡೆಯಲ್ಲಿ ಕಲ್ಲಿಲ್ಲ. ಕಲ್ಲೇ ದೇವರು, ಕಲ್ಲೇ ಅನ್ನವಾಗಿರುವ ಈ ಸೀಮೆಯಲ್ಲಿ ಇದೊಂದು ವ್ರತ.

ನಾನು ಹೋದ ದಿನವೇ ಕ್ವಾರಿಯಲ್ಲಿ ಪರೀಕ್ಷೆ. ಕಂಟ್ರಾಕ್ಟರು ಶಿವನಂಜಯ್ಯನವರಿಗೆ ತಟ್ಟಿಯ ಸೂರಿನ ಮೇಲೆ ನಂಬಿಕೆಯಿಲ್ಲ. “ಕಳ್ಳ ಒಂದ್ ಒದೆ ಒದ್ರೆ ಒಳಗಿರ್ತಾನೆ ಕಣಮ್ಮ. ಚಪ್ಪಡಿ ಎಳಸ್ತೀನಿ, ನೂರು ವರ್ಷ ಇರ್ತದೆ,” ಎಂದು ಅವರದು ಒಂದೇ ಹಟ. “ಎಲ್ಡೂ ಕಟ್ಟಿ ನೋಡವಾ ಬುದ್ಧಿ,” ಎಂದಿದ್ದಾಳೆ ಇವಳು. ಹಾಗೆ ಬಯಲಲ್ಲಿ ಎದೆಯೆತ್ತರದ ಎರಡು ಪುಟ್ಟ ಮನೆಗಳು ಎದ್ದಿವೆ. ಒಂದಕ್ಕೆ ಚಪ್ಪಡಿ, ಗೋಡೆಯಲ್ಲಿ ವಾಡಿಕೆಯಂತೆ ಕಲ್ಲು. ಇನ್ನೊಂದು ರಾಚಮ್ಮನದು. ಕಟ್ಟುತ್ತಿರುವ ದೊಡ್ಡ ಮನೆಯ ಗೋಡೆಯ ಮೇಲಿನೆರಡು ಸುತ್ತುಗಳಿಗೆ ಹಾಕಿದ ಮಣ್ಣನ್ನೇ ಇದಕ್ಕೂ ಬಳಸಿದ್ದಾಳೆ.

ನಲವತ್ತು ಹೆಜ್ಜೆ ದೂರದಲ್ಲಿ ಕೆಲಸದವರು ಹಿಟ್ಟುಣ್ಣುವ ಜಾಗ. ಅಲ್ಲಿ ನೀರು ತುಂಬಿದ ಹನ್ನೆರಡು ಮಡಕೆಗಳನ್ನು ಸಾಲಾಗಿ ಇಡಿಸಿದ್ದಾಳೆ. ಕ್ವಾರಿಯಲ್ಲಿ ಇರುವವರು ಹನ್ನೆರಡು ಜನ. ತಲೆಗೊಂದು ಮಡಕೆ. ಕೆಲಸದವರಿಗೆ ಅದೇ ತಮಾಷೆ.

“ಆ ಹೊಟ್ಟೆ ದಪ್ಪುಂದು ಪುಟ್ಟಮಾದಪ್ಪ!”

“ಬಾಯಿ ಅಗಲಿರದು ಚಿಕ್ಕನಿಂಗಮ್ಮ!”

“ಅಂಗಂದೋನ್ ಮಡಕೆ ಮೊದ್ಲು ಒಡೀಲಿ!” ಎಂದು ಶಪಿಸುತ್ತಲೇ ಚಿಕ್ಕನಿಂಗಮ್ಮ ಅಗಲ ಬಾಯಿಯ ಮಡಕೆಗೆ ಸುಣ್ಣದ ಬೊಟ್ಟಿಟ್ಟು ಬರುತ್ತಾಳೆ.

ಎಲ್ಲರೂ ಹೆಬ್ಬಂಡೆಯ ಮರೆಗೆ ಓಡುತ್ತೇವೆ. ಬಂಡೆಗೆ ಮದ್ದು ತುಂಬುವ ಮಾದಣ್ಣ ಚಪ್ಪಡಿ ಮನೆಯ ಬತ್ತಿಗೆ ಬೆಂಕಿ ಮುಟ್ಟಿಸಿ ದಾಪುಗಾಲಲ್ಲಿ ಬರುತ್ತಾನೆ. ಎಣಿಸುತ್ತೇವೆ. ಢಮ್ಮೆಂದಿತು! ನೆಲ ನಡುಗಿತು. ಚಪ್ಪಡಿ ಎರಡು ಹೋಳಾಗಿ ಉರುಳಿದೆ, ಗೋಡೆಗಳೇ ಇಲ್ಲ. ಹನ್ನೆರಡರಲ್ಲಿ ಏಳು ಮಡಕೆ ಚೂರು. ಈಗ ಯಾರೂ ನಗುತ್ತಿಲ್ಲ. ಪುಟ್ಟಮಾದಪ್ಪ ತನ್ನ ಹೊಟ್ಟೆಯನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತಾನೆ.

ಒಡೆದವುಗಳ ಜಾಗಕ್ಕೆ ಬೇರೆ ಮಡಕೆ ಇಟ್ಟು, ಉಳಿದ ಐದೂ ಸೋರುತ್ತಿಲ್ಲವೆಂದು ಸವರಿ ನೋಡಿ, ಈಗ ರಾಚಮ್ಮನ ಮನೆಗೆ ಬತ್ತಿ. ಆಕೆ ಕಣ್ಣು ಮುಚ್ಚಿದ್ದಾಳೆ. ಢಮ್! ತಟ್ಟಿಯ ಸೂರು ಹಕ್ಕಿಯ ಹಾಗೆ ಹಾರಿತು! ತೆಳು ಗೋಡೆ ಪುಡಿಪುಡಿಯಾಗಿ ಬಂಡೆಯ ಕಡೆ ಚೆಲ್ಲಿತು. ಹೊಗೆ ಸರಿದಾಗ ನೋಡುತ್ತೇವೆ: ದಪ್ಪ ಗೋಡೆ ಮೂರೂ ನಿಂತಿವೆ! ಮಡಕೆಗಳೂ ಸಾಲಾಗಿ ಕೂತಿವೆ! “ಉಘೇ ಮಾದಪ್ಪ!” ಎಂಬ ಕೂಗು ಬಂಡೆಗೆ ಬಡಿದು ಮರಳುತ್ತದೆ. ನಾನೂ ಕೂಗಿದೆ, ಮೈಯೆಲ್ಲ ಜುಮ್ಮೆಂದು. ಶಿವನಂಜಯ್ಯನವರು ಮೇಲುವಸ್ತ್ರ ತೆಗೆದು ಗಾಳಿಗೆ ಬೀಸುತ್ತಾರೆ. “ಗೆದ್ದೆ ಕಣಮ್ಮ! ಚಪ್ಪಡಿ ಬ್ಯಾಡ, ನಿನ್ ತಟ್ಟಿನೇ ಸೈ!”

ರಾಚಮ್ಮ ಮಾತ್ರ ಮಡಕೆಗಳ ಬಳಿ ನಡೆದು, ಒಂದೊಂದನ್ನೂ ಸವರುತ್ತ ಬರುತ್ತಾಳೆ. ಸುಣ್ಣದ ಬೊಟ್ಟಿನ ಮಡಕೆಯ ಹತ್ತಿರ ಕೈ ನಿಂತಿತು. ಮದ್ದು ಸಿಡಿದ ಕಡೆಗಿದ್ದ ಬದಿಯಿಂದ ನೂಲಿನಂತೆ ನೀರು ಸೋರುತ್ತಿದೆ. ಕೈ ಒಳಗಿಟ್ಟು ತಳ ತಡಕಿ, ಹುಣಸೆಬೀಜದಷ್ಟು ಕಲ್ಲೊಂದನ್ನು ತೆಗೆಯುತ್ತಾಳೆ.

“ಸತ್ತೋದೆ ಕಣತ್ಗೆ! ತಿಥಿಗೆ ಕಜ್ಜಾಯ ಮಾಡ್ಸು,” ಎಂದು ಚಿಕ್ಕನಿಂಗಮ್ಮ ಕುಣಿಯುತ್ತಾಳೆ. ರಾಚಮ್ಮನ ಮುಖ ನೋಡಿ ಕುಣಿತ ನಿಲ್ಲಿಸುತ್ತಾಳೆ.

“ಬುದ್ಧಿ, ದೊಡ್ಡ ಮನೆ ಮ್ಯಾಲಿನ್ ಎಲ್ಡು ಸುತ್ತು ಕೆಡುಗ್ಬೇಕು. ಇದೇ ಮಣ್ಣು ಅದು. ತಿರ್‍ಗ ತುಳೀತೀನಿ.”

“ಶನಿವಾರ ಲೈಸೆನ್ಸ್ ಆಫೀಸರು ಬರ್ತಾರೆ, ಸೋಮವಾರ ಮದ್ದಿನ ಗಾಡಿ! ಒಂದ್ ಕಲ್ಲಿಗೆ ಎಂಟು ದಿನ ಕೆಲ್ಸ ನಿಲ್ಲುಸ್ಲಾ? ಒಂದೇ ಒಂದ್ ಕಲ್ಲು ಕಣಮ್ಮ!”

“ಒಂದೇಯ ಬುದ್ಧಿ. ನಮ್ ನಿಂಗಿನೂ ಒಬ್ಳೇಯ.”

ಶಿವನಂಜಯ್ಯನವರು ಸೋರುವ ಮಡಕೆಯನ್ನೂ ಅದರ ಪಕ್ಕ ನಿಂತ ಹೆಂಗಸನ್ನೂ ನೋಡುತ್ತಾರೆ. ಆಮೇಲೆ ತಿರುಗಿ, “ಏಯ್ ಮಾದಣ್ಣ, ಹಾರೆ ತಕಂಡ್ ಬಾ. ಆಫೀಸರ್‍ಗೆ ನಾನೇ ಕಾಗದ ಬರೀತೀನಿ,” ಎನ್ನುತ್ತಾರೆ. ಹಾರೆ ಬರುವಷ್ಟರಲ್ಲಿ ರಾಚಮ್ಮ ಗೋಡೆಯ ಮೇಲಿದ್ದಾಳೆ. ಉಳಿದವರು ಕೆಳಗೆ ಮಂಕರಿ ಹಿಡಿದು ನಿಂತಿದ್ದಾರೆ. ಚಿಕ್ಕನಿಂಗಮ್ಮ ಹೆಂಟೆಗಳನ್ನು ಪುಡಿ ಮಾಡಿ ಕಾಳು ಹಸನು ಮಾಡುವಂತೆ ಕಣ್ಣಿಟ್ಟು ನೋಡುತ್ತಿದ್ದಾಳೆ.

ಹೊರಡುವ ಮುನ್ನ, ಬಾಗಿಲ ಮೇಲೆ ನಿನ್ನ ಹೆಸರು ಬರೆಸಬಾರದೇ ಎಂದೆ. ರಾಚಮ್ಮ ಮೊದಲ ಬಾರಿಗೆ ಮನಸಾರೆ ನಕ್ಕಳು.

“ಎಸ್ರು ಯಾಕ್ ಸಾ? ಕ್ವಾರಿ ಕೆಲ್ಸ ಮುಗುದು, ಮದ್ದೆಲ್ಲ ಖಾಲಿಯಾಗಿ, ಯಾರಾದ್ರೂ ಇದ್ರೊಳ್ಗೆ ಕುರಿ ಕೂಡ್ಕಂಡ್ರೆ ಸಾಕು. ‘ಯಾವಳ್ಲಾ ಇವ್ಳು, ಕುರಿಗೆ ಇಷ್ಟ್ ದಪ್ಪ ಗ್ವಾಡೆ ಆಕವ್ಳೆ, ದಡ್ ಮುಂಡೆ’ ಅಂತ ಅವ್ರು ಬೈಬೇಕು. ಆಗ ನಾ ಗೆದ್ದಂಗೆ.”