ಹಳದಿ ಹೂವಿನ ಕೆಳಗೆ ಒಂದು ಸಹಿ

ರಕ್ತ ತೆಗೆಯುವ ಮುನ್ನ ಅವರು ಬಲಗೈಯ ಎರಡು ಬೆರಳುಗಳನ್ನು ತಮ್ಮ ಕತ್ತಿನ ಹಿಂಬದಿಗೆ ಒತ್ತಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಎಸಿ ಕೋಣೆಯ ತಣ್ಣನೆಯ ಬೆರಳು ತಾಗಿದರೆ ನರ ಒಳಗೆ ಸರಿಯುತ್ತದೆ ಎಂಬುದು ಅವರ ನಂಬಿಕೆ. ಆಮೇಲೆ ಕೈಗವಸು ತೊಟ್ಟು, ಕಣ್ಣು ಮುಚ್ಚಿ, ಮೊಣಕೈಯ ಮಡಿಕೆಯಲ್ಲಿ ನರವನ್ನು ಹುಡುಕುತ್ತಿದ್ದರು. ನರ ಸಿಗದೆ ಅವರು ಎರಡನೆಯ ಸಲ ಚುಚ್ಚಿದ್ದನ್ನು ನಾನು ನೋಡಿಲ್ಲ.

ಪುತ್ತೂರಿನ ಆ ಖಾಸಗಿ ಪ್ರಯೋಗಾಲಯಕ್ಕೆ ಬರುವವರೆಲ್ಲ ಅವರನ್ನು ‘ಲ್ಯಾಬಿನ ಕಾಕ’ ಎನ್ನುತ್ತಿದ್ದರು. ಕಬಕದ ಬ್ಯಾರಿ ಮುಸ್ಲಿಂ ಮನೆತನದವರು; ಅವರಲ್ಲಿ ಹಿರಿಯರನ್ನು ಕರೆಯುವುದೇ ಕಾಕ ಎಂದು. ಗಲ್ಫಿನ ಆಸ್ಪತ್ರೆಯೊಂದರಲ್ಲಿ ಬಹುಕಾಲ ರಕ್ತಪರೀಕ್ಷೆಯ ಕೆಲಸ ಮಾಡಿ ಮರಳಿದವರು. ಅಲರ್ಜಿ ಪರೀಕ್ಷೆಗೆ ಬಂದವರ ತೋಳಿಗೆ ಪಟ್ಟಿ ಕಟ್ಟುವ ಮೊದಲು ಅವರು ಕೇಳುತ್ತಿದ್ದುದು ಒಂದೇ: “ಯಾವ ತಿಂಗಳು ಜೋರು? ಆಗ ನಿಮ್ಮಲ್ಲಿ ಎಂತ ಹೂ ಬಿಡ್ತದೆ?” ಗೊತ್ತಿಲ್ಲದವರು ಮುಂದಿನ ಸಲ ಹೂವನ್ನೇ ತರಬೇಕು. ನೆಟ್ಟಣದ ಗೇರುಹೂ, ಜಾಲ್ಸೂರಿನ ಹುಲ್ಲಿನ ತೆನೆ, ಎಲ್ಲವೂ ಸಣ್ಣ ಪ್ಲಾಸ್ಟಿಕ್ ಚೀಲ ಸೇರಿ, ಗೋಡೆಯ ಹಳೆಯ ಕ್ಯಾಲೆಂಡರಿನ ಆಯಾ ತಿಂಗಳ ಪುಟಕ್ಕೆ ಅಂಟುತ್ತಿದ್ದವು. ಪಕ್ಕದಲ್ಲಿ ಊರಿನ ಹೆಸರು, ಕೆಳಗೆ ಅವರ ಸಹಿ.

“ಕಾಕ, ಇದು ಲ್ಯಾಬಾ, ಹೂವಿನ ಅಂಗಡಿಯಾ?” ಎಂದು ಮಾಲೀಕರು ಛೇಡಿಸುತ್ತಿದ್ದರು.

“ಅಂಗಡಿಯೇ ಸಾರ್. ಗಿರಾಕಿಗಳೇ ಹೂ ತಂದುಕೊಡುದು, ಅಷ್ಟೇ ವ್ಯತ್ಯಾಸ.”

ನನ್ನನ್ನು ಅಲ್ಲಿಗೆ ಅಟ್ಟಿದ್ದು ಶಾಲೆಯ ಅಪ್ಪಣೆ. ಕಡಬದ ಬಳಿಯ ಖಾಸಗಿ ಶಾಲೆಯೊಂದರಲ್ಲಿ ನಾನು ಪ್ರತಿವರ್ಷ ಹೊಸ ನೇಮಕಾತಿ ಆದೇಶಕ್ಕೆ ಕಾಯಬೇಕಾದ ಶಿಕ್ಷಕಿ. ಆಟದ ಮೈದಾನದ ಅಂಚಿಗೆ ಅಕೇಶಿಯಾ ಮರಗಳ ಸಾಲು. ಮಳೆ ಕಳೆದು ಅವುಗಳಲ್ಲಿ ಹಳದಿ ಹೂಗೊಂಚಲುಗಳು ಇಳಿಬಿದ್ದವೆಂದರೆ ನನಗೆ ಮೊದಲು ಸೀನು, ಬಳಿಕ ಕಣ್ಣುರಿ, ಕೊನೆಗೆ ಎದೆಯೊಳಗೆ ಸಿಳ್ಳೆ ಹೊಡೆಯುವ ದಮ್ಮು. ಡಿಸೆಂಬರಿನಲ್ಲಿ ವಾರ್ಷಿಕೋತ್ಸವ, ಡಿಸೆಂಬರಿನಲ್ಲೇ ನನ್ನ ರಜೆ. ಮೂರನೆಯ ವರ್ಷ ಸಂಚಾಲಕರು ಶಿಕ್ಷಕರ ಸಭೆಯಲ್ಲಿ ಎಲ್ಲರೆದುರು ಕೇಳಿದರು: “ಪ್ರತಿ ವರ್ಷ ಡ್ಯಾನ್ಸ್ ಕಲಿಸುವ ಹೊತ್ತಿಗೇ ನಿಮಗೆ ದಮ್ಮು ಬರುದಾ ಟೀಚರ್? ರಕ್ತಪರೀಕ್ಷೆ ಮಾಡಿಸಿ ರಿಪೋರ್ಟ್ ತನ್ನಿ. ಇಲ್ಲದಿದ್ರೆ ಬರುವ ವರ್ಷ ನಿಮ್ಮ ಆರ್ಡರ್ ಇಲ್ಲ.” ಕೆಲವರು ನಕ್ಕರು. ಹೆಣ್ಣಿನ ಉಸಿರುಗಟ್ಟುವಿಕೆಯನ್ನು ನಾಟಕವೆಂದು ಕರೆಯಲು ಈ ನಾಡಿನಲ್ಲಿ ಯಾವ ಸಾಕ್ಷ್ಯವೂ ಬೇಕಿಲ್ಲ. ನಾಟಕವಲ್ಲವೆಂದು ತೋರಿಸಲು ಮಾತ್ರ ಅವಳು ರಕ್ತ ಕೊಡಬೇಕು.

ಕೊಟ್ಟೆ. ವೈದ್ಯರು ಬರೆದುಕೊಟ್ಟ ‘ಪರಾಗ ಪ್ಯಾಕೇಜಿ’ನ ವರದಿಯ ಪ್ರತಿಯೊಂದು ಸಾಲಿನಲ್ಲೂ ನೆಗೆಟಿವ್ ಎಂದಿತ್ತು. ವೈದ್ಯರು ಹಾಳೆಯಿಂದ ತಲೆಯೆತ್ತದೆ, “ಹೂವಿನ ಅಲರ್ಜಿ ಇಲ್ಲಮ್ಮ. ಸುಮ್ಮನೆ ಟೆನ್ಶನ್ ಮಾಡಬೇಡಿ” ಎಂದರು.

ಅದೇ ಹಾಳೆಯನ್ನು ಹಿಡಿದು ಜಗಳವಾಡಲು ಪ್ರಯೋಗಾಲಯಕ್ಕೆ ಮರಳಿದೆ. ಕಾಕ ಪಟ್ಟಿಯ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಓದಿದರು: “ಬರ್ಚ್. ಓಕ್. ಆಲಿವ್. ಟೀಚರೇ, ಕಡಬದಲ್ಲಿ ಆಲಿವ್ ತೋಟ ಯಾರದ್ದುಂಟು?”

ನನಗೆ ನಗು ಬರಲಿಲ್ಲ. ಅವರೂ ನಗು ನಿಲ್ಲಿಸಿದರು.

“ಮೆಷಿನ್ ಸುಳ್ಳು ಹೇಳಲಿಲ್ಲ. ಅದರ ಹತ್ರ ಕೇಳಿದ್ದೇ ಬೇರೆ ಊರಿನ ಮರ. ಗಲ್ಫಲ್ಲಿ ನಾನಿದ್ದಲ್ಲಿ ಖರ್ಜೂರದ ಹೂವಿಗೂ ಪರೀಕ್ಷೆ ಇತ್ತು. ಅವರ ಮರ, ಅವರ ಉಸಿರು, ಅವರು ಕೇಳಿದ್ರು. ನಮ್ಮದನ್ನು ಕೇಳುವವರು ಯಾರು ಮಾರಾಯ್ರೆ?”

ಸಂಚಾಲಕರ ಮಾತನ್ನು ಹೇಳಿದೆ. ಕಾಕನ ಹುಬ್ಬು ಮೇಲೇರಿತು. “ಪ್ರಶ್ನೆ ಸರಿಯೇ ಉಂಟಲ್ಲ! ಪ್ರತಿ ವರ್ಷ ಅದೇ ಹೊತ್ತಿಗೆ ಯಾಕೆ? ಡಾಕ್ಟ್ರು ಕೇಳಬೇಕಾದ್ದನ್ನು ಅವರು ಕೇಳಿದ್ದಾರೆ. ಉತ್ತರ ಮಾತ್ರ ಮೊದಲೇ ಮಾಡಿಟ್ಟಿದ್ದಾರೆ. ರಕ್ತ ಅರ್ಧ ಹೇಳುದು ಟೀಚರೇ, ಉಳಿದರ್ಧ ತಿಂಗಳು ಹೇಳುದು.”

ಬಳಿಕ ಒಂದು ಚೀಟಿ ಬರೆದರು: ‘ಈ ಪಟ್ಟಿಯಲ್ಲಿ ಅಕೇಶಿಯಾ ಇಲ್ಲ. ಅದೇ ಜಾತಿಯ ಇನ್ನೊಂದು ಮರದ ಪರಾಗಕ್ಕೆ ಪ್ರತ್ಯೇಕ ಪರೀಕ್ಷೆ ಇದೆ. ಕೇಳಿದರೆ ಮಾಡಿಸಬಹುದು.’ ಕೆಳಗೆ ಸಹಿ. “ಇದು ನಿಮಗೆ ಮಾತ್ರ. ಡಾಕ್ಟ್ರಿಗೆ ಬಾಯಲ್ಲಿ ಹೇಳಿ, ಅವರೇ ಬರೆದುಕೊಡ್ಲಿ. ನಾನು ರಕ್ತ ತೆಗೆಯುವವ, ಹೀಗೆಲ್ಲ ಬರೆಯುವ ಹಾಗಿಲ್ಲ.”

ವೈದ್ಯರು ಒಲ್ಲದ ಮನಸ್ಸಿನಿಂದ ಬರೆದುಕೊಟ್ಟರು. ಕಾಕನೇ ಎರಡನೆಯ ಸಲ ರಕ್ತ ತೆಗೆದು ದೂರದ ನಗರಕ್ಕೆ ಕಳುಹಿಸಿದರು. ವರದಿ ಬರುವವರೆಗೆ ಕಾಯುವ ತಾಳ್ಮೆ ನನ್ನಲ್ಲಿರಲಿಲ್ಲ. ಶಾಲೆಯ ಆಡಳಿತ ಮಂಡಳಿಗೆ ನಾಲ್ಕು ಪುಟದ ಪ್ರತಿಭಟನಾ ಪತ್ರ ಬರೆದೆ. ಆ ಚೀಟಿಯ ಜೆರಾಕ್ಸ್ ಪ್ರತಿಯನ್ನು ಅದಕ್ಕೆ ಲಗತ್ತಿಸಿದೆ. ಸಂಚಾಲಕರು ಪ್ರಯೋಗಾಲಯದ ಮಾಲೀಕರಿಗೆ ಫೋನು ಮಾಡಿದರು.

ವರದಿ ತರಲು ಹೋದಾಗ ಕಾಕನ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ಕ್ಯಾಲೆಂಡರ್ ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಮಾತ್ರ ಹೊಸದಾಗಿ ಕಾಣುತ್ತಿತ್ತು. “ಕಾಕನನ್ನು ತೆಗೆದ್ರು ಮೇಡಂ, ರಿಪೋರ್ಟಿನ ವಿಷಯ ಹೊರಗೆ ಬರೆದುಕೊಟ್ರು ಅಂತ” ಎಂದು ಕೌಂಟರಿನ ಹುಡುಗಿ ತಗ್ಗಿದ ದನಿಯಲ್ಲಿ ಹೇಳಿ ಲಕೋಟೆ ಕೊಟ್ಟಳು. ಅಕೇಶಿಯಾ ಜಾತಿಯ ಪರಾಗ: ಪಾಸಿಟಿವ್. ನನ್ನ ನೌಕರಿ ಉಳಿಯಿತು. ಅವರದು ಹೋಯಿತು.

ಬೇಗ ಬೆಳೆಯುತ್ತದೆಂಬ ಒಂದೇ ಕಾರಣಕ್ಕೆ ಮಕ್ಕಳ ಮೈದಾನದ ಅಂಚಿಗೆ ಪರದೇಶದ ಮರ ನೆಟ್ಟವರು ತಪ್ಪಿತಸ್ಥರು. ಪರದೇಶದ ಪಟ್ಟಿಯನ್ನು ಇದ್ದ ಹಾಗೆಯೇ ನಮ್ಮ ರಕ್ತದ ಮೇಲೆ ಹೇರಿ ಮಾರಿದವರು ತಪ್ಪಿತಸ್ಥರು. ಮರವೂ ಹೊರಗಿನದು, ಪಟ್ಟಿಯೂ ಹೊರಗಿನದು. ಎರಡನ್ನೂ ಒಮ್ಮೆಯಾದರೂ ಎದುರುಬದುರು ಇಟ್ಟು ನೋಡದ ವೈದ್ಯರು ತಪ್ಪಿತಸ್ಥರು. ನಿಜ ಬರೆದವನನ್ನು ಹೊರಹಾಕಿದ ಮಾಲೀಕರು, ಹಾಕಿಸಿದ ಸಂಚಾಲಕರು ತಪ್ಪಿತಸ್ಥರು. ಈ ಸಾಲಿನಲ್ಲಿ ನಾನೂ ನಿಲ್ಲಬೇಕು. ‘ನಿಮಗೆ ಮಾತ್ರ’ ಎಂದು ಕೊಟ್ಟದ್ದನ್ನು, ಕೊಟ್ಟವರನ್ನು ಒಂದು ಮಾತೂ ಕೇಳದೆ, ನನ್ನ ಹೋರಾಟದ ಆಯುಧ ಮಾಡಿಕೊಂಡವಳು ನಾನು.

ಕ್ಷಮೆ ಕೇಳಲು ಕಬಕದ ಅವರ ಮನೆಗೆ ಹೋದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಹಳದಿ ಹೂವಿನ ಒಂದು ಎಳೆ. ಬೇರೇನು ಒಯ್ಯಬೇಕೆಂದು ತೋಚಿರಲಿಲ್ಲ. ಅವರು ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ ರಕ್ತ ತೆಗೆಯುವ ಕೆಲಸ ಹಿಡಿದಿದ್ದರು. ಹೂವನ್ನು ಬೆಳಕಿಗೆ ಹಿಡಿದು ನೋಡಿದರು.

“ಸಹಿ ನನ್ನದೇ ಅಲ್ವಾ ಟೀಚರೇ? ಸುಳ್ಳಿಗೆ ಹಾಕಿದ್ದಲ್ಲ, ಅದಕ್ಕೆ ಬೇಜಾರಿಲ್ಲ. ನನ್ನ ಹತ್ರ ಕೇಳಲಿಲ್ಲ ನೀವು, ಅದಕ್ಕೆ ಬೇಜಾರುಂಟು.” ಹೂವಿನ ಚೀಲವನ್ನು ಜೇಬಿಗಿಟ್ಟು, “ಇನ್ನೊಂದು ಸಲ ಜಗಳ ಮಾಡುದಿದ್ರೆ ನೀವೇ ಬರೀರಿ. ನಿಮ್ಮದೇ ಸಹಿ ಹಾಕಿ” ಎಂದರು. ಆಮೇಲೆ ಚಹಾ ತರಿಸಿದರು.

ಕಳೆದ ಮಳೆಗಾಲದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಮನೆಗೆ ಹೋದಾಗ ಅವರ ಹೆಂಡತಿ ಕ್ಯಾಲೆಂಡರನ್ನು ನನ್ನ ಕೈಗಿಟ್ಟರು. “ಇದು ಟೀಚರಿಗೆ ಅಂತ ಹೇಳಿದ್ರು. ನಿಮ್ಮ ಹೂ ಇದರಲ್ಲುಂಟಂತೆ.” ಡಿಸೆಂಬರ್ ಪುಟದಲ್ಲಿ ಅದು ಕಂದುಬಣ್ಣಕ್ಕೆ ತಿರುಗಿ ಅಂಟಿಕೊಂಡಿತ್ತು. ಪಕ್ಕದಲ್ಲಿ ‘ಕಡಬ’ ಎಂದು ಅವರ ಅಕ್ಷರ. ಉಳಿದೆಲ್ಲ ಹೂಗಳ ಕೆಳಗೆ ಇದ್ದ ಸಹಿ ಇದೊಂದರ ಕೆಳಗೆ ಇರಲಿಲ್ಲ. ಜಾಗ ಬಿಟ್ಟಿದ್ದರು.

ಮೈದಾನದ ಅಂಚಿನ ಮರಗಳು ಇನ್ನೂ ನಿಂತಿವೆ. ಈ ಡಿಸೆಂಬರಿನಲ್ಲಿ, ಅವುಗಳನ್ನು ತೆಗೆಯಬೇಕು, ಇಲ್ಲಿ ಹೂ ಬಿಡುವ ಮರಗಳನ್ನು ಪರೀಕ್ಷೆಯ ಪಟ್ಟಿಗೆ ಸೇರಿಸಬೇಕು ಎಂದು ಮತ್ತೆ ಅರ್ಜಿ ಬರೆದೆ. ಮೊದಲು ಆ ಖಾಲಿ ಜಾಗದಲ್ಲಿ ಸಹಿ ಹಾಕಿದೆ, ಆಮೇಲೆ ಅರ್ಜಿಗೆ. ಅವರ ಚೀಟಿಯ ಪ್ರತಿಯನ್ನು ಈ ಸಲ ಲಗತ್ತಿಸಲಿಲ್ಲ.